ಗ್ರಾಮ ಆಡಳಿತ ಅಧಿಕಾರಿ ಹುದ್ದೆ: ಓದುವ ಮೊದಲು ಫೈಲ್ ಕಟ್ಟಿ

2024ರಲ್ಲಿ ರಾಜ್ಯದಾದ್ಯಂತ 1000 ಗ್ರಾಮ ಆಡಳಿತ ಅಧಿಕಾರಿ ಹುದ್ದೆ ಕರೆದಾಗ ಕೇಳಿದ ವಿದ್ಯಾರ್ಹತೆ ಪಿಯುಸಿ. ನಮ್ಮ ಉಡುಪಿ, ಮಂಗಳೂರು ಕಡೆಯವರು ಪುಸ್ತಕಕ್ಕೆ ಕೊಡುವ ಗಮನವನ್ನು ಪ್ರಮಾಣಪತ್ರಗಳಿಗೆ ಕೊಡುವುದಿಲ್ಲ. ಅಂಕ ಬಂದೂ ಹುದ್ದೆ ತಪ್ಪುವುದು ಅಲ್ಲೇ. ಅಧಿಸೂಚನೆ ಹೊರಡುವ ಮೊದಲೇ ಫೈಲ್ ಸಿದ್ಧ ಮಾಡಿಟ್ಟದ್ದು ನನಗೆ ಅತಿ ಹೆಚ್ಚು ನೆರವಾಯಿತು.

ಹಿಂದುಳಿದ ವರ್ಗಗಳ ಮೀಸಲಾತಿ ಪಟ್ಟಿಯಲ್ಲಿ ಬಿಲ್ಲವರು 2ಎ, ಬಂಟರು 3ಬಿ. ಇವರಿಗೆ ನಾಡಕಚೇರಿಯಿಂದ ನಮೂನೆ-ಎಫ್, ಅಂದರೆ ಜಾತಿ-ಆದಾಯ ಪ್ರಮಾಣಪತ್ರ ಬೇಕು. ಅದರ ಅವಧಿ 5 ವರ್ಷ. ಅರ್ಜಿಯ ಕೊನೆಯ ದಿನಕ್ಕೆ ಅದು ಚಾಲ್ತಿಯಲ್ಲಿರಬೇಕು. ಆಮೇಲೆ ಮಾಡಿಸಿದ್ದು ನಡೆಯದು.

ಗ್ರಾಮೀಣ ಮೀಸಲಾತಿ ಶೇ. 25, ಕನ್ನಡ ಮಾಧ್ಯಮದ್ದು ಶೇ. 5. ಎರಡಕ್ಕೂ 1ರಿಂದ 10ನೇ ತರಗತಿವರೆಗಿನ ಲೆಕ್ಕ. ಏಳರವರೆಗೆ ಊರಿನ ಶಾಲೆ, ಎಂಟರಿಂದ ಪೇಟೆಯ ಹೈಸ್ಕೂಲು ಆಗಿದ್ದರೆ ಗ್ರಾಮೀಣ ಸಿಗದು. ಶಾಲೆ ಬದಲಾಗಿದ್ದರೆ ಪ್ರತಿ ಶಾಲೆಯ ಮುಖ್ಯೋಪಾಧ್ಯಾಯರ ಸಹಿ ಬೇಕು, ಗ್ರಾಮೀಣದ್ದಕ್ಕೆ ಕ್ಷೇತ್ರ ಶಿಕ್ಷಣಾಧಿಕಾರಿಯ (ಬಿಇಒ) ಮೇಲುಸಹಿಯೂ ಬೇಕು. ಕರಾವಳಿಯಲ್ಲಿ ಎಷ್ಟೋ ಕನ್ನಡ ಶಾಲೆ ಮುಚ್ಚಿವೆ. ನಿಮ್ಮದೂ ಮುಚ್ಚಿದ್ದರೆ ದಾಖಲೆ ಯಾರ ವಶದಲ್ಲಿದೆ ಎಂದು ಬಿಇಒ ಕಚೇರಿಯಲ್ಲಿ ಈಗಲೇ ವಿಚಾರಿಸಿ. ಸಾಮಾನ್ಯ ವರ್ಗದವರು ಗ್ರಾಮೀಣ ಕೇಳುವುದಾದರೆ ಮೇಲುಸ್ತರಕ್ಕೆ (ಕೆನೆಪದರಕ್ಕೆ) ಸೇರಿಲ್ಲ ಎಂಬ ತಹಶೀಲ್ದಾರರ ನಮೂನೆ-1 ಕೂಡ ಮಾಡಿಸಬೇಕು. ಇದನ್ನು ಮರೆಯುವವರೇ ಜಾಸ್ತಿ.

ಇನ್ನು ಪರೀಕ್ಷೆ. ಕಡ್ಡಾಯ ಕನ್ನಡ 150 ಅಂಕದ್ದು, 50 ಬಂದರೆ ಸಾಕು, ಆಯ್ಕೆಗೆ ಅದು ಸೇರುವುದಿಲ್ಲ. ಸೇರುವುದು ನೂರು ನೂರರ ಎರಡು ಪತ್ರಿಕೆ. ಎರಡನೆಯದರಲ್ಲಿ ಕನ್ನಡ, ಇಂಗ್ಲಿಷ್, ಕಂಪ್ಯೂಟರ್ ಮೂರೂ ಇವೆ. ಮನೆಯಲ್ಲಿ ತುಳು, ಬ್ಯಾರಿ, ಕೊಂಕಣಿ ಆಡುವ ನಮ್ಮ ಕನ್ನಡ ಪುಸ್ತಕದ ಹಾಗೇ ಇರುವುದರಿಂದ ಓದದಿದ್ದರೂ ನಡೆಯುತ್ತದೆ ಅನಿಸುತ್ತದೆ. ನಡೆಯುವುದಿಲ್ಲ. ‘ಮಳೆಗಾಲ’ವನ್ನೇ ನೋಡಿ: ಮಳೆ + ಕಾಲ, ಕಕಾರಕ್ಕೆ ಗಕಾರ ಬಂದದ್ದರಿಂದ ಆದೇಶ ಸಂಧಿ, ಮಳೆಯ + ಕಾಲ ಎಂದು ಬಿಡಿಸಿದರೆ ತತ್ಪುರುಷ ಸಮಾಸ. ಒಂದೇ ಪದವನ್ನು ಎರಡೂ ಬಗೆಯಲ್ಲಿ ಕೇಳಬಹುದು. ‘ಎತ್ತಿದ ಕೈ’ಯಂಥ ನುಡಿಗಟ್ಟುಗಳನ್ನೂ ಅರ್ಥಸಹಿತ ಬರೆದಿಟ್ಟುಕೊಳ್ಳಿ. ನಾಲ್ಕು ತಪ್ಪಿಗೆ ಒಂದು ಅಂಕ ಕಳೆಯುತ್ತಾರೆ. ಎರಡು ಆಯ್ಕೆಯನ್ನು ಖಚಿತವಾಗಿ ಹೊಡೆದುಹಾಕಲು ಆದರೆ ಮಾತ್ರ ಊಹೆ ಮಾಡಿ.

ಕೊನೆಗೆ ಹೆಸರು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇನಿಶಿಯಲ್, ಆಧಾರ್‌ನಲ್ಲಿ ಪೂಜಾರಿ, ಶೆಟ್ಟಿ ಎಂದು ಪೂರ್ತಿ ಹೆಸರು ಇರುವುದು ನಮ್ಮಲ್ಲಿ ಮಾಮೂಲು. ಅರ್ಜಿಯಲ್ಲಿ ಅಂಕಪಟ್ಟಿಯ ಹೆಸರನ್ನೇ ಅಕ್ಷರಕ್ಕೆ ಅಕ್ಷರ ಹಾಕಿ, ಆಧಾರ್ ಅನ್ನು ಅದಕ್ಕೆ ಸರಿಯಾಗಿ ತಿದ್ದಿಸಿ.