ಮಳೆಗಾಲದಲ್ಲಿ ಮನೆಯ ನೀರಿನ ಮೇಲೆ ಕಣ್ಣಿಡಿ

ಜೂನ್ ಕಳೆಯುವಷ್ಟರಲ್ಲಿ ಮುಂಬೈಯ ಒಂದೊಂದು ಮನೆಯಲ್ಲೂ ಒಬ್ಬರಾದರೂ ಮಲಗಿರುತ್ತಾರೆ. ಹವೆ ಬದಲಾಯ್ತು, ಅದಕ್ಕೇ ಜ್ವರ ಅಂತ ಹೇಳಿ ಸುಮ್ಮನಾಗುವವರೇ ಜಾಸ್ತಿ. ಬರೀ ಹವೆಯಿಂದ ಡೆಂಗಿ, ಮಲೇರಿಯಾ, ಟೈಫಾಯ್ಡ್ ಬರುವುದಿಲ್ಲ. ರೋಗಾಣು ಮೈ ಸೇರಲು ಒಂದು ದಾರಿ ಬೇಕು. ಮಳೆಗಾಲದಲ್ಲಿ ಆ ದಾರಿ ಹೆಚ್ಚಾಗಿ ನೀರೇ. ಊರಿಂದ ಹೊಸದಾಗಿ ಬಂದ ಸೊಸೆಯಂದಿರು, ರೂಮು ಮಾಡಿಕೊಂಡಿರುವ ಹುಡುಗರು ಇದನ್ನು ಮೊದಲು ತಿಳಿದುಕೊಳ್ಳಬೇಕು.

ಇಲ್ಲಿ ನಲ್ಲಿ ನೀರು ಬರುವುದು ಕೆಲವೇ ಗಂಟೆ. ಹಾಗಾಗಿ ಬಚ್ಚಲಲ್ಲಿ ಡ್ರಮ್ಮು ತುಂಬಿಡುತ್ತೇವೆ. ಡೆಂಗಿ ಹರಡುವ ಈಡಿಸ್ ಸೊಳ್ಳೆಗೆ ಇಂಥ ತಿಳಿನೀರೇ ಇಷ್ಟ. ಕಾಲಿನ ಮೇಲೆ ಬಿಳಿ ಪಟ್ಟೆ ಇರುವ ಈ ಸೊಳ್ಳೆ ಕಚ್ಚುವುದು ಹಗಲು ಹೊತ್ತು. ನೀರಿನ ಮಟ್ಟಕ್ಕಿಂತ ಸ್ವಲ್ಪ ಮೇಲೆ, ಡ್ರಮ್ಮಿನ ಒಳಮೈಗೆ ಮೊಟ್ಟೆ ಅಂಟಿಸುತ್ತದೆ. ಸಾಸಿವೆಗಿಂತಲೂ ಸಣ್ಣ, ಕಪ್ಪು. ನೀರು ಚೆಲ್ಲಿದರೆ ಅವು ಹೋಗುವುದಿಲ್ಲ, ಒಣಗಿಯೂ ತಿಂಗಳುಗಟ್ಟಲೆ ಬದುಕಿರುತ್ತವೆ. ಮತ್ತೆ ನೀರು ತುಂಬಿದಾಗ ಮರಿಹುಳು ಹೊರಬರುತ್ತದೆ. ಅದು ಸೊಳ್ಳೆಯಾಗಿ ಹಾರಲು 7ರಿಂದ 10 ದಿನ ಸಾಕು. ಅದಕ್ಕೇ ವಾರಕ್ಕೊಮ್ಮೆ ಡ್ರಮ್ಮು ಪೂರ್ತಿ ಖಾಲಿ ಮಾಡಿ, ಗಟ್ಟಿ ಬ್ರಷ್ ಹಿಡಿದು ಒಳಮೈಯನ್ನೂ ಬಾಯಿಯ ಅಂಚನ್ನೂ ಚೆನ್ನಾಗಿ ತಿಕ್ಕಿ. ಸ್ವಲ್ಪ ಹೊತ್ತು ಬೋರಲು ಹಾಕಿ ಒಣಗಿಸಿ. ಮುಚ್ಚಳ ಸಡಿಲವಿದ್ದರೆ ಹಳೇ ಸೀರೆಯ ತುಂಡು ಬಿಗಿದು ಕಟ್ಟಿ. ನಾನು ದೇವರ ಪಾತ್ರೆ ಬೆಳಗುವ ಶುಕ್ರವಾರವೇ ಡ್ರಮ್ಮನ್ನೂ ತಿಕ್ಕುತ್ತೇನೆ, ಮರೆಯುವ ಮಾತೇ ಇಲ್ಲ. ಫ್ರಿಜ್ಜಿನ ಹಿಂದಿನ ತಟ್ಟೆ, ಮನಿಪ್ಲಾಂಟಿನ ಬಾಟಲಿ, ಗ್ರಿಲ್ಲಿನ ಕುಂಡಗಳ ಕೆಳಗಿನ ತಟ್ಟೆ, ಛಾವಣಿಗೆ ಹೊದಿಸಿದ ತಾಡಪತ್ರಿಯ ಮಡಿಕೆ, ಇವನ್ನೂ ಅವತ್ತೇ ನೋಡಿಬಿಡಿ.

ಮಲೇರಿಯಾ ತರುವ ಸೊಳ್ಳೆ ಟೆರೇಸಿನ ಟ್ಯಾಂಕಿನಲ್ಲೂ ಮರಿ ಮಾಡುತ್ತದೆ. ಸೊಸೈಟಿ ಮೀಟಿಂಗಿನಲ್ಲಿ ಟ್ಯಾಂಕಿನ ಮುಚ್ಚಳದ ಬಗ್ಗೆ ಕೇಳಿ. ಸಂಕೋಚ ಬೇಡ.

ಇನ್ನು ಕುಡಿಯುವ ನೀರು. ಸಪ್ಲೈ ನಿಂತಾಗ ಒಡೆದ ಪೈಪಿನೊಳಗೆ ಹೊರಗಿನ ಕೊಳೆನೀರು ಸೇರಿಕೊಳ್ಳಬಹುದು. ಹಾಗಾಗಿ ನಲ್ಲಿ ಬಂದ ಕೂಡಲೇ ಕೊಡ ಹಿಡಿಯಬೇಡಿ, ಮೊದಲ ನೀರನ್ನು ನೆಲ ತೊಳೆಯಲು ಬಿಡಿ. ಪಟಿಕ ಹಾಕಿದರೆ ಮಣ್ಣು ತಳ ಸೇರುತ್ತದೆ, ಅಷ್ಟಕ್ಕೇ ನೀರು ಕುಡಿಯಲು ಯೋಗ್ಯವಾಗುವುದಿಲ್ಲ. ಕೊತಕೊತ ಕುದಿಯತೊಡಗಿದ ಮೇಲೆ ಒಂದು ನಿಮಿಷ ಬಿಟ್ಟು ಇಳಿಸಿ. ಅದೇ ಪಾತ್ರೆಯಲ್ಲಿ ಮುಚ್ಚಿಡಿ, ಉದ್ದ ಹಿಡಿಯ ಸೌಟಿನಿಂದ ತೆಗೆಯಿರಿ. ಕುದಿಸಿದ ನೀರಿಗೆ ಕೈ ಅದ್ದಿದರೆ ಕುದಿಸಿದ್ದೇ ದಂಡ, ಅಲ್ವಾ? ರಸ್ತೆ ಬದಿಯ ಐಸು, ಕತ್ತರಿಸಿಟ್ಟ ಹಣ್ಣು ಈ ನಾಲ್ಕು ತಿಂಗಳು ಬೇಡ.

2005ರ ಜುಲೈ 26ರಂದು ಮುಂಬೈಯ ಸಾಂತಾಕ್ರೂಜ್‌ನಲ್ಲಿ ಒಂದೇ ದಿನಕ್ಕೆ 944 ಮಿಲಿಮೀಟರ್ ಮಳೆ ಸುರಿಯಿತು. ನೀರು ಇಳಿದ ಮೇಲೆ ಲೆಪ್ಟೊಸ್ಪೈರೋಸಿಸ್ ಅನ್ನೋ ಇಲಿಜ್ವರ ಹಬ್ಬಿತು. ಇಲಿಯ ಉಚ್ಚೆ ಬೆರೆತ ನೀರಿನಲ್ಲಿ ನಡೆದಾಗ ಕಾಲಿನ ಸಣ್ಣ ಗಾಯದಿಂದಲೂ ಈ ರೋಗಾಣು ಒಳಗೆ ಹೋಗುತ್ತದೆ. ನಿಂತ ನೀರು ದಾಟಿ ಬಂದವರು ಮೊದಲು ಸೋಪು ಹಚ್ಚಿ ಕಾಲು ತೊಳೆಯಬೇಕು. ಆಮೇಲೆ ಜ್ವರ ಬರಲಿ ನೋಡೋಣ ಅಂತ ಕಾಯಬೇಡಿ. 72 ಗಂಟೆಯೊಳಗೆ ಮುನಿಸಿಪಾಲ್ಟಿ ದವಾಖಾನೆಗೆ ಹೋಗಿ ಡಾಕ್ಟರಿಗೆ ಹೇಳಿ, ಬೇಕಿದ್ದರೆ ಮುಂಜಾಗ್ರತೆ ಮಾತ್ರೆ ಕೊಡುತ್ತಾರೆ. ಜ್ವರದ ಜೊತೆ ಮೀನಖಂಡದ ನೋವು, ಕೆಂಗಣ್ಣು ಇದ್ದರೆ ಅಂದೇ ತೋರಿಸಿ.

ಭೇದಿ ಶುರುವಾದರೆ ಓಆರ್‌ಎಸ್ ಕೊಡಿ. ಪೊಟ್ಟಣ ಸಿಗದಿದ್ದರೆ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಮಟ್ಟವಾಗಿ 6 ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಉಪ್ಪು ಇದಕ್ಕಿಂತ ಹೆಚ್ಚಾಗಬಾರದು.

ಮಳೆಗಾಲದ ಜ್ವರಕ್ಕೆ ಮೆಡಿಕಲ್‌ನವನು ಕೊಟ್ಟ ನೋವಿನ ಮಾತ್ರೆ ನುಂಗಬೇಡಿ. ಡೆಂಗಿ ಇದ್ದರೆ ಆಸ್ಪಿರಿನ್, ಐಬುಪ್ರೊಫೇನ್‌ನಿಂದ ರಕ್ತಸ್ರಾವದ ಅಪಾಯ ಜಾಸ್ತಿಯಾಗುತ್ತದೆ. ಪ್ಯಾರಾಸಿಟಮಾಲ್ ಸಾಕು, ಅದೂ ಅಳತೆಯಲ್ಲಿ. ಜ್ವರ ಬಿಟ್ಟಿತೆಂದು ಮೈಮರೆಯಬೇಡಿ, ಡೆಂಗಿ ಕೈಮೀರುವುದು ಹೆಚ್ಚಾಗಿ ಆಗಲೇ. ಹೊಟ್ಟೆ ತುಂಬಾ ನೋಯುವುದು, ಮತ್ತೆ ಮತ್ತೆ ವಾಂತಿ, ವಸಡಿನಲ್ಲಿ ರಕ್ತ, ವಿಪರೀತ ಸುಸ್ತು ಕಂಡರೆ ರಾತ್ರಿಯಾದರೂ ಸರಿ, ಆಸ್ಪತ್ರೆಗೆ ಕರೆದುಕೊಂಡು ಹೋಗಿ.