‘ಪರವಾಗಿಲ್ಲ ಅಕ್ಕ’ ಎನ್ನುವ ಸುಳ್ಳು

ಉಡುಪಿಯ ಕಲ್ಸಂಕದ ಹತ್ತಿರ ನನ್ನದೊಂದು ಸಣ್ಣ ಹೊಲಿಗೆ ಅಂಗಡಿ. ಎರಡು ಮಿಷನ್, ಒಂದು ಕಟಿಂಗ್ ಟೇಬಲ್, ಗೋಡೆಗೆ ಒಂದು ಕನ್ನಡಿ, ಅಷ್ಟೆ. ಹದಿನಾರು ವರ್ಷದಿಂದ ಬ್ಲೌಸ್ ಹೊಲಿಯುತ್ತಿದ್ದೇನೆ. ಕೆಲಸದ ಬಗ್ಗೆ ಯಾರೂ ದೂರು ಹೇಳಿದ್ದಿಲ್ಲ. ಆದರೆ ಹೊಲಿದದ್ದಕ್ಕೆ ಮಜೂರಿ ಕೇಳುವಾಗ ನನ್ನ ಗಂಟಲು ಕಟ್ಟುತ್ತಿತ್ತು. ಇದನ್ನು ಓದಿ ಕೆಲವರಿಗೆ ನಗು ಬರಬಹುದು. ಗಂಟಲು ಕಟ್ಟಿ ಗೊತ್ತಿದ್ದವರಿಗೆ ಬರುವುದಿಲ್ಲ.

ಒಬ್ಬರು ಗಿರಾಕಿ ಇದ್ದರು, ಹೆಸರು ಬೇಡ. ಏಳು ಬ್ಲೌಸಿನ ಬಾಕಿ, 2,850 ರೂಪಾಯಿ, ಎಂಟು ತಿಂಗಳಿಂದ. ಬಂದಾಗೆಲ್ಲ “ಮುಂದಿನ ವಾರ ಕೊಡ್ತೇನೆ ಮಾರಾಯ್ತಿ” ಎನ್ನುತ್ತಿದ್ದರು. ಅವರ ಮಾತು ಮುಗಿಯುವ ಮೊದಲೇ ನನ್ನ ಬಾಯಿಗೆ “ಪರವಾಗಿಲ್ಲ ಅಕ್ಕ” ಬಂದುಬಿಡುತ್ತಿತ್ತು. ಸಂಜೆ ಗುಂಡಿಬೈಲು ದಾರಿಯಲ್ಲಿ ಮನೆಗೆ ನಡೆಯುವಾಗ ಅದೇ ಅಕ್ಕನಿಗೆ ಮನಸ್ಸಿನಲ್ಲೇ ಎಂತೆಂತಹ ಉತ್ತರ ಕೊಡುತ್ತಿದ್ದೆ, ಒಂದಕ್ಕಿಂತ ಒಂದು ಖಾರ, ಆದರೆ ಅಂಬಾಗಿಲು ಮುಟ್ಟುವಷ್ಟರಲ್ಲಿ ಆ ಸಿಟ್ಟೆಲ್ಲ ತಿರುಗಿ ನನ್ನ ಮೇಲೆಯೇ ಬಂದು ಬೀಳುತ್ತಿತ್ತು. ಅಮ್ಮನ ಹತ್ತಿರ ಹೇಳಿದರೆ “ಕೊರಗಜ್ಜನಿಗೆ ಒಂದು ಚಕ್ಕುಲಿ ಹೇಳಿಕೋ, ಬರ್ತದೆ” ಅಂದರು. ಕೊರಗಜ್ಜ ಅಂದರೆ ನಮ್ಮ ತುಳುನಾಡಿನ ದೈವ; ನಮ್ಮ ಕಡೆ ಕಳೆದುಹೋದ ಉಂಗುರದಿಂದ ಹಿಡಿದು ಬಾರದ ಸಾಲದವರೆಗೆ ಎಲ್ಲದಕ್ಕೂ ಅಜ್ಜನೇ.

ನಾನು ಧ್ಯಾನ ಶುರು ಮಾಡಿದ್ದು ಧೈರ್ಯ ಬರಲಿ ಅಂತ ಅಲ್ಲ, ನಿದ್ದೆ ಬರಲಿ ಅಂತ. ಮೊಬೈಲಿನಲ್ಲಿ ಕೊಳಲು ಹಾಕಿಕೊಂಡು ಕೂತೆ. ನಿದ್ದೆ ಬಂತು. ಅದು ಬಿಟ್ಟು ಬೇರೇನೂ ಬರಲಿಲ್ಲ.

ಸರಿಯಾಗಿ ಹೇಳಿಕೊಟ್ಟವರು ಪಕ್ಕದ ಮನೆಯ ಟೀಚರಮ್ಮ. ನಿವೃತ್ತರಾದ ಮೇಲೆ ಹತ್ತು ದಿನದ ವಿಪಶ್ಯನ ಶಿಬಿರಕ್ಕೆ ಹೋಗಿ ಬಂದವರು. ಅಲ್ಲಿ ಬೆಳಿಗ್ಗೆ 4ಕ್ಕೇ ಗಂಟೆ ಬಾರಿಸುತ್ತಾರೆ, ಮೊದಲ ಮೂರು ದಿನ ಬರೇ ಉಸಿರು ನೋಡುವುದು, ಮಾತಿಲ್ಲ, ಮೊಬೈಲಿಲ್ಲ, ಫೀಸೂ ಇಲ್ಲ, ಮುಗಿದ ಮೇಲೆ ಮನಸ್ಸಿದ್ದರೆ ದಾನ ಕೊಡಬಹುದು. ಹತ್ತು ದಿನ ಅಂಗಡಿ ಮುಚ್ಚಿ ಹೋಗುವ ಸ್ಥಿತಿ ನನ್ನದಲ್ಲ. “ಹಾಗಾದ್ರೆ ಮನೆಯಲ್ಲೇ ಕೂತುಕೋ. ಮೂಗಿನ ಕೆಳಗೆ ಗಾಳಿ ತಾಗುವ ಜಾಗ ಉಂಟಲ್ಲ, ಅಲ್ಲಿ ಗಮನ ಇಡು. ಉಸಿರನ್ನು ಎಳೆಯಬೇಡ, ಬರುವುದನ್ನು ನೋಡು” ಅಂದರು.

ಬೆಳಿಗ್ಗೆ ಐದೂಕಾಲಕ್ಕೆ, ನಳ್ಳಿಯಲ್ಲಿ ನೀರು ಬರುವ ಮೊದಲು, ಮಣೆಯ ಮೇಲೆ ಹಳೆ ಬೆಡ್‌ಶೀಟ್ ಮಡಚಿ ಹಾಕಿ 20 ನಿಮಿಷ. ಒಂದರಿಂದ ಹತ್ತು ಉಸಿರು ಎಣಿಸುವುದು, ತಪ್ಪಿದರೆ ಮತ್ತೆ ಒಂದರಿಂದ. ಮೊದಲ ತಿಂಗಳು ನಾಲ್ಕು ದಾಟಿದ ನೆನಪಿಲ್ಲ. ನಾಲ್ಕಕ್ಕೆ ಬರುವಾಗ ಯಾರದೋ ಸೀರೆಗೆ ಫಾಲ್ಸ್ ಹಚ್ಚಲಿಕ್ಕೆ ಬಾಕಿ ಇದೆ ಅಂತ ನೆನಪಾಗುತ್ತಿತ್ತು. ಒಂದು ಬೆಳಿಗ್ಗೆ ಯಾವುದೋ ಹಳೆಯ ಸಂಗತಿ ಎದ್ದು ಬಂದು ಎದೆ ಡವಡವ ಹೊಡೆದುಕೊಂಡಿತು. ಆಗ ಹಟಕ್ಕೆ ಕೂರಲಿಲ್ಲ, ಕಣ್ಣು ಬಿಟ್ಟು ಎದ್ದು ಅಂಗಳ ಗುಡಿಸಿದೆ. ಹಾಗೆ ಪದೇ ಪದೇ ಆಗುವವರು ಧ್ಯಾನ ನಿಲ್ಲಿಸಿ ಡಾಕ್ಟರ ಹತ್ತಿರ ಮಾತಾಡುವುದು ಒಳ್ಳೆಯದು. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ ಉಂಟು, 14416, ದುಡ್ಡು ಬೇಡ.

ಈಗ ಯಾರೂ ಹೇಳದ ಒಂದು ವಿಷಯ. ಮೊದಲ ಎರಡು ತಿಂಗಳು ಧ್ಯಾನದಿಂದ ನಾನು ಇನ್ನೂ ಜಾಸ್ತಿ ಬಗ್ಗಿದೆ. ಮನಸ್ಸು ತಣ್ಣಗಿರುತ್ತಿತ್ತು, ನಿಜ. ಆ ತಣ್ಣಗಿರುವುದು ಕೆಡಬಾರದು ಅಂತ ಯಾರು ಎಂತ ಹೇಳಿದರೂ ಹೂಂ ಎನ್ನುತ್ತಿದ್ದೆ. 2,850 ರೂಪಾಯಿಯನ್ನು ಮನಸ್ಸಿನಲ್ಲೇ ಮಾಫಿ ಮಾಡಿ, ನಾನು ಎಷ್ಟು ದೊಡ್ಡ ಮನಸ್ಸಿನವಳು ಅಂತ ಒಳಗೊಳಗೇ ಖುಷಿಪಟ್ಟೆ. ಆ ತಿಂಗಳು ಕರೆಂಟ್ ಬಿಲ್ಲಿಗೆ ತಮ್ಮನ ಹತ್ತಿರ ಕೈಚಾಚಿದೆ.

ಟೀಚರಮ್ಮನಿಗೆ ಇದನ್ನು ಹೆಮ್ಮೆಯಿಂದಲೇ ಹೇಳಿದೆ. ಅವರು ಬಸಳೆ ಸೋಸುತ್ತಿದ್ದರು, ತಲೆ ಎತ್ತಲಿಲ್ಲ. “ಶಿಬಿರದಲ್ಲಿ ಉಸಿರಿಗಿಂತ ಮೊದಲು ಐದು ಶೀಲ ಕೊಡ್ತಾರೆ. ಅದರಲ್ಲಿ ಸುಳ್ಳು ಹೇಳಬಾರದು ಅಂತ ಒಂದು. ನೀನು ದಿನಾ ಬೆಳಿಗ್ಗೆ ಕೂತು ಎದ್ದು ಹೋಗಿ ಅಂಗಡಿಯಲ್ಲಿ ಸುಳ್ಳು ಹೇಳ್ತೀಯಲ್ಲ.”

“ನಾನೆಂತ ಸುಳ್ಳು ಹೇಳಿದೆ?”

“ಪರವಾಗಿಲ್ಲ ಅಂತ ಹೇಳಿದಿಯಲ್ಲ. ನಿಂಗೆ ಪರವಾಗಿಲ್ವಾ?”

ಸಿಟ್ಟು ಬಂತು, ಎದ್ದು ಬಂದೆ. ಆದರೆ ಮರುದಿನ ಅಳತೆ ಪುಸ್ತಕದ ಕೊನೆ ಪುಟದಲ್ಲಿ ಗೆರೆ ಹಾಕಲಿಕ್ಕೆ ಶುರು ಮಾಡಿದೆ. ಒಳಗೆ ಬೇಸರ ಇಟ್ಟುಕೊಂಡು ‘ಪರವಾಗಿಲ್ಲ’ ಅಂದರೆ ಒಂದು ಗೆರೆ. ಮೊದಲ ದಿನ ಹನ್ನೊಂದು ಗೆರೆ. ಎರಡು ಬಸ್ ಕಂಡಕ್ಟರನ ಪಾಲಿಗೆ, ಚಿಲ್ಲರೆ ವಾಪಸ್ ಕೊಡದ್ದಕ್ಕೆ. ಬಾಯಿ ಮುಚ್ಚಿಸುವ ಪ್ರಯತ್ನ ಮಾಡಲಿಲ್ಲ, ಸುಮ್ನೆ ಎಣಿಸಿದೆ, ಉಸಿರು ಎಣಿಸಿದ ಹಾಗೆ. ಮೂರನೇ ವಾರಕ್ಕೆ ನಾಲ್ಕೈದಕ್ಕೆ ಇಳಿಯಿತು.

ಎಣಿಸುತ್ತಾ ಇನ್ನೊಂದು ಗೊತ್ತಾಯಿತು. ಒಂದು ದಿನ ತಿಳಿ ಗುಲಾಬಿ ರೇಷ್ಮೆ ಬಟ್ಟೆ ಟೇಬಲ್ ಮೇಲೆ ಹರಡಿ ಮಾರ್ಕಿಂಗ್ ಮಾಡುತ್ತಿದ್ದೆ. ಆ ಅಕ್ಕನ ಸ್ವರ ಮೆಟ್ಟಿಲಲ್ಲಿ ಕೇಳಿತು. ಬಟ್ಟೆ ಮೇಲಿದ್ದ ಎಡಗೈ ಎತ್ತಿದೆ, ಅಲ್ಲಿ ಅಂಗೈಯ ಅಚ್ಚು ಒದ್ದೆಯಾಗಿ ಮೂಡಿತ್ತು, ನಾಲ್ಕು ಬೆರಳೂ ಕಾಣುವ ಹಾಗೆ. ಹೆದರಿಕೆ ಎನ್ನುವುದು ನನ್ನ ಗುಣ, ಹುಟ್ಟಿದ್ದೇ ಹಾಗೆ ಅಂತ ತಿಳಿದಿದ್ದೆ. ಇಲ್ಲಿ ನೋಡಿದರೆ ಅದು ಅಂಗೈಯಲ್ಲಿ ಬೆವರು, ಗಂಟಲಲ್ಲಿ ಒಂದು ಗಂಟು, ಎದೆಗೂಡಿನ ಕೆಳಗೆ ಒಂದು ಹಿಡಿತ. ಮೂರು ಜಾಗ, ಅಷ್ಟೆ. ಬೆಳಿಗ್ಗೆ ಮಣೆ ಮೇಲೆ ಕೂತಾಗ ಕಾಲು ಜೋಮು ಹಿಡಿಯುತ್ತದೆ, ನೋಡುತ್ತಾ ಕೂತರೆ ಸ್ವಲ್ಪ ಹೊತ್ತಿಗೆ ಬದಲಾಗುತ್ತದೆ ಅಲ್ವಾ, ಇದನ್ನೂ ಹಾಗೆಯೇ ನೋಡಬಹುದು ಅನ್ನಿಸಿತು. ಅವತ್ತೂ ದುಡ್ಡು ಕೇಳಲಿಲ್ಲ. ಆದರೆ ಪರವಾಗಿಲ್ಲ ಅಂತಲೂ ಹೇಳಲಿಲ್ಲ.

ಅಂಗಡಿಯಲ್ಲಿ ನನಗೆ ಉಪಯೋಗಕ್ಕೆ ಬಂದದ್ದು ಉಸಿರು ಉದ್ದಕ್ಕೆ ಬಿಡುವುದು. ಉಸಿರು ಒಳಗೆ ತೆಗೆಯುವಾಗ ಎದೆಬಡಿತ ಸ್ವಲ್ಪ ಜೋರಾಗುತ್ತದೆ, ಬಿಡುವಾಗ ನಿಧಾನವಾಗುತ್ತದೆ. ಮೆದುಳಿನಿಂದ ಹೃದಯಕ್ಕೆ ಬರುವ ವೇಗಸ್ ನರ ಆಗ ಬ್ರೇಕ್ ಹಿಡಿದ ಹಾಗೆ ಕೆಲಸ ಮಾಡುತ್ತದೆ. ನಾಲ್ಕು ಎಣಿಸಿ ತೆಗೆದು ಆರು ಎಣಿಸಿ ಬಿಟ್ಟರೆ ನಿಮಿಷಕ್ಕೆ 6 ಉಸಿರು. ಮಣಿಕಟ್ಟಿನ ನಾಡಿ ಹಿಡಿದುಕೊಂಡು ಮಾಡಿದರೆ ವ್ಯತ್ಯಾಸ ಬೆರಳಿಗೇ ಗೊತ್ತಾಗಬಹುದು. ಟೀಚರಮ್ಮನ ಪಾಠ ಇದಲ್ಲ, ಉಸಿರನ್ನು ಮುಟ್ಟಲೇಬಾರದು ಎನ್ನುವವರು ಅವರು. ಬೆಳಿಗ್ಗೆ ಅವರ ಪಾಠ, ಕೌಂಟರಿನಲ್ಲಿ ನನ್ನದು. ಬಟ್ಟೆಗೆ ಕತ್ತರಿ ಹಾಕುವ ಮೊದಲು ಹಾಗೆ ಮೂರು ಉಸಿರು ಬಿಡುವುದು ಅಭ್ಯಾಸ ಮಾಡಿಕೊಂಡೆ.

ಗುರುವಾರ ಅಂಗಡಿ ಮುಚ್ಚಿ ಮಠಕ್ಕೆ ಹೋಗುತ್ತೇನೆ. ಉಡುಪಿಯವರಿಗೆ ಕನಕನ ಕಿಂಡಿಯ ಕಥೆ ಹೇಳಬೇಕಾಗಿಲ್ಲ. ಕನಕದಾಸರನ್ನು ಒಳಗೆ ಬಿಡಲಿಲ್ಲ, ಹೊರಗೆ ನಿಂತು ಹಾಡಿದರು, ಗೋಡೆ ಬಿರುಕು ಬಿಟ್ಟು ಕೃಷ್ಣ ಪಶ್ಚಿಮಕ್ಕೆ ತಿರುಗಿದ. ದೇವರು ತಿರುಗಿದ್ದನ್ನೇ ನಾವು ದೊಡ್ಡದು ಮಾಡಿ ಹೇಳುತ್ತೇವೆ, ಹೊರಗೆ ನಿಲ್ಲಿಸಿದವರ ಬಗ್ಗೆ ಜಾಸ್ತಿ ಮಾತಿಲ್ಲ. ಕಿಂಡಿಯ ಎದುರು ಕ್ಯೂನಲ್ಲಿ ನಿಂತಾಗ ನನಗೆ ಕಂಡದ್ದು ಇನ್ನೊಂದು. ಅವರು ಪರವಾಗಿಲ್ಲ ಅಂತ ವಾಪಸ್ ಹೋಗಲಿಲ್ಲ. ಬಾಗಿಲಲ್ಲಿ ಕಾಲು ಹಿಡಿಯಲಿಲ್ಲ. ಹಿಂದಿನ ಗೋಡೆಯ ಹತ್ತಿರ ಹೋಗಿ ನಿಂತರು.

ದೀಪಾವಳಿ ಕಳೆದು ಆ ಅಕ್ಕ ಬಂದರು. ಮಗಳ ನಿಶ್ಚಿತಾರ್ಥ, ರೇಷ್ಮೆ ಸೀರೆ, ಶನಿವಾರದೊಳಗೆ ಬ್ಲೌಸ್ ಬೇಕು, ಕೈಗೆ ವರ್ಕ್ ಬೇರೆ. ಸೀರೆ ಟೇಬಲ್ ಮೇಲಿಟ್ಟರು. ಅಂಗೈ ಒದ್ದೆಯಾಯಿತು, ಲಂಗಕ್ಕೆ ಒರೆಸಿಕೊಂಡೆ. ಒಂದು ಉಸಿರು ಉದ್ದಕ್ಕೆ ಬಿಟ್ಟೆ.

“ಅಕ್ಕ, ಹಳೆ ಬಾಕಿ 2,850 ಉಂಟು. ಅದು ಕೊಟ್ಟ ಮೇಲೆ ಅಳತೆ ತೆಗೀತೇನೆ.”

ಸ್ವರ ನಡುಗಿತು. ‘ಅಳತೆ’ ಎನ್ನುವಾಗ ಅಂತೂ ಸರಿಯಾಗಿ ಹೊರಗೇ ಬರಲಿಲ್ಲ. ಅವರು ಎರಡು ಕ್ಷಣ ನನ್ನನ್ನೇ ನೋಡಿದರು.

“ನಾನೆಂತ ಓಡಿ ಹೋಗ್ತೇನಾ?”

ಮೊದಲಾದರೆ “ಅಯ್ಯೋ ಹಾಗಲ್ಲ ಅಕ್ಕ” ಅಂತ ನಾನೇ ನಾಲ್ಕು ಸಲ ಕ್ಷಮೆ ಕೇಳುತ್ತಿದ್ದೆ. ಸುಮ್ಮನೆ ನಿಂತೆ. ಫ್ಯಾನಿನ ಕಟಕಟ ಕೇಳುತ್ತಿತ್ತು. ಅಂಗಡಿಯಲ್ಲಿ ಅಷ್ಟು ಉದ್ದದ ಹೊತ್ತು ನಾನು ನೋಡಿದ್ದಿಲ್ಲ, ಬಹುಶಃ ಹತ್ತು ಸೆಕೆಂಡು ಇರಬಹುದು. ಅವರು ಮೊಬೈಲ್ ತೆಗೆದು 2,000 ಕಳಿಸಿ, ಸೀರೆ ಎತ್ತಿಕೊಂಡು, “ಬೇರೆ ಕಡೆ ಕೊಡ್ತೇನೆ” ಅಂತ ಮೆಟ್ಟಿಲಿಳಿದರು. ಅವರು ಹೋದ ಮೇಲೆ ಸ್ಟೂಲಿನ ಮೇಲೆ ಕೂತೆ, ಕಾಲಲ್ಲಿ ಶಕ್ತಿಯೇ ಇರಲಿಲ್ಲ. ಆದರೆ ಅವತ್ತು ಗುಂಡಿಬೈಲು ದಾರಿಯಲ್ಲಿ ಯಾರಿಗೂ ಉತ್ತರ ಕೊಡಲಿಕ್ಕೆ ಬಾಕಿ ಇರಲಿಲ್ಲ. ರಸ್ತೆ ಬದಿಯಲ್ಲಿ ಗೋಳಿಬಜೆ ಕಟ್ಟಿಸಿಕೊಂಡು ಮನೆಗೆ ಹೋದೆ.

850 ಇನ್ನೂ ಬರಲಿಲ್ಲ. ಗಿರಾಕಿಯೂ ಹೋದರು.

ಅಮ್ಮ ಮರುದಿನವೇ ಚಕ್ಕುಲಿ, ವೀಳ್ಯದೆಲೆ, ಅಡಿಕೆ ತಗೊಂಡು ಅಜ್ಜನ ಕಟ್ಟೆಗೆ ಹೋಗಿ ಬಂದರು. ನನಗೆ ಹೇಳದೆ ಅವರೇ ಹರಕೆ ಹೊತ್ತಿದ್ದರಂತೆ. “ನೋಡು, ಅಜ್ಜ ಕೊಡಿಸಿದ್ದು” ಅಂದರು. ನಾನು ಒಂದು ಚಕ್ಕುಲಿ ಪ್ರಸಾದ ಮುರಿದುಕೊಂಡು, “ಪೂರ್ತಿ ಕೊಡಿಸಲಿಲ್ಲ, 850 ಬಾಕಿ ಉಂಟು ಅಂತ ಹೇಳಿ ಬರಬೇಕಿತ್ತು” ಅಂದೆ.