ಲೈಡಾರ್‌ಗೆ ಕಾಣದ ಮೋರಿ

ಕಂಪ್ಯೂಟರ್ ಹೇಳಿದ್ದು 61 ಎಕರೆ. ನೆಲದ ಮೇಲೆ ಇದ್ದದ್ದು 88 ಎಕರೆ.

ನಾನು ಅಮೆರಿಕದ ನಾರ್ತ್ ಕ್ಯಾರೊಲೈನಾದಲ್ಲಿ, ರಾಲಿ ಹತ್ತಿರದ ಒಂದು ಸಣ್ಣ ಸಿವಿಲ್ ಆಫೀಸಿನಲ್ಲಿ ಕೆಲಸ ಮಾಡುತ್ತೇನೆ. ಹುಟ್ಟಿದ್ದು ಹಾವೇರಿ ಕಡೆ. ನಮಗೆ ಬರುವುದೆಲ್ಲ ಚಿಕ್ಕ ಕೆಲಸಗಳೇ: ಚರಂಡಿ, ಪಾರ್ಕಿಂಗ್ ಜಾಗ, ಮೋರಿ. ಈ ಕೆಲಸವೂ ಅಂಥದ್ದೇ. ಹಳ್ಳಿ ರಸ್ತೆಯೊಂದರ ಕೆಳಗೆ ಹಳೇ ತಗಡಿನ ಪೈಪು. ತುಕ್ಕು ಹಿಡಿದು ತಳವೇ ಹೋಗಿತ್ತು. ಜೋರು ಮಳೆ ಬಂದರೆ ನೀರು ರಸ್ತೆ ಮೇಲೆ ಹತ್ತುತ್ತಿತ್ತು. ಹೊಸ ಪೈಪು ಎಷ್ಟು ದೊಡ್ಡದಿರಬೇಕು ಅಂತ ನಾವು ಹೇಳಬೇಕು. ಅದಕ್ಕೆ ಮೊದಲು ಬೇಕಾದ ಲೆಕ್ಕ ಒಂದೇ: ಎಷ್ಟು ಜಾಗದ ಮಳೆನೀರು ಹರಿದು ಬಂದು ಈ ಮೋರಿ ಬಾಯಿಗೆ ಸೇರುತ್ತದೆ?

ಅಷ್ಟು ಜಾಗವನ್ನು ಟೋಟಲ್ ಸ್ಟೇಷನ್ ಎಂಬ ಸರ್ವೆ ಯಂತ್ರ ಹಿಡಿದು ಅಳೆಯಲು ವಾರಗಟ್ಟಲೆ ಬೇಕು. ಜೊತೆಗೆ ಏಳೆಂಟು ಜನರ ಜಮೀನಿಗೆ ಕಾಲಿಡಲು ಒಪ್ಪಿಗೆ ಬೇಕು. ಹಾಗಾಗಿ ಇಲ್ಲಿ ಎಲ್ಲರೂ ಮಾಡುವುದನ್ನೇ ನಾನೂ ಮಾಡಿದೆ. ಅಮೆರಿಕದ ಭೂವಿಜ್ಞಾನ ಇಲಾಖೆ ಯುಎಸ್‌ಜಿಎಸ್ ತನ್ನ ತ್ರೀಡೆಪ್ ಯೋಜನೆಯಲ್ಲಿ ದೇಶದ ಲೈಡಾರ್ ಡೇಟಾವನ್ನು, ಅಂದರೆ ವಿಮಾನದಿಂದ ಲೇಸರ್ ಬಿಟ್ಟು ಅಳೆದ ನೆಲದ ಎತ್ತರಗಳನ್ನು, ಪುಕ್ಕಟೆಯಾಗಿ ಆನ್‌ಲೈನಲ್ಲಿ ಇಟ್ಟಿದೆ. ನಕ್ಷೆಯ ಮೇಲೆ ಒಂದು ಚೌಕ ಎಳೆದರೆ ಸಾಕು, ಅಲ್ಲಿಗೆ ಏನೇನು ಸಿಗುತ್ತದೆ ಅಂತ ಪಟ್ಟಿ ಬರುತ್ತದೆ. ನಮ್ಮ ರಾಜ್ಯಕ್ಕೆ ಇದು ಹೊಸದೇನೂ ಅಲ್ಲ. 1999ರಲ್ಲಿ ಫ್ಲಾಯ್ಡ್ ಚಂಡಮಾರುತ ಊರೂರನ್ನೇ ಮುಳುಗಿಸಿದಾಗ ಪ್ರವಾಹದ ನಕ್ಷೆಗಳು ಎಷ್ಟು ಹಳೆಯವು ಅಂತ ಗೊತ್ತಾಯಿತು. ಆಮೇಲೆ ರಾಜ್ಯದವರು ಇಡೀ ರಾಜ್ಯವನ್ನೇ ಲೈಡಾರ್‌ನಲ್ಲಿ ಅಳೆಸಿದರು.

ವಿಮಾನ ಮೇಲಿಂದ ಲೇಸರ್ ಬೀರುತ್ತದೆ, ಅದು ನೆಲಕ್ಕೆ ಬಡಿದು ವಾಪಸ್ ಬರುವ ಸಮಯದಿಂದ ಎತ್ತರ ಸಿಗುತ್ತದೆ. ಮರದ ಎಲೆಗಳ ಸಂದಿಯಲ್ಲಿ ನುಸುಳಿ ನೆಲ ಮುಟ್ಟುವ ಕಿರಣಗಳೂ ಇರುತ್ತವೆ. ಇಲ್ಲಿ ಚಳಿಗಾಲದಲ್ಲಿ ಎಲೆ ಉದುರಿದಾಗ ಹಾರಿಸುವುದು ಅದಕ್ಕೇ. ತ್ರೀಡೆಪ್‌ನ ಸಾಮಾನ್ಯ ದರ್ಜೆಯಲ್ಲಿ ಚದರ ಮೀಟರಿಗೆ ಕಡಿಮೆ ಅಂದರೂ 2 ಕಿರಣ. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ ಒಂದು ಗುಂಟೆಗೆ 200. ಸರ್ವೆಯ ಅಳತೆಕೋಲು ಹಿಡಿದು ಬಿಸಿಲಲ್ಲಿ ನಿಂತವರಿಗೆ ಆ ಸಂಖ್ಯೆಯ ಬೆಲೆ ಗೊತ್ತು.

ನಾನು ಯಾವಾಗಲೂ ಎರಡು ಬಗೆಯ ಫೈಲ್ ಇಳಿಸಿಕೊಳ್ಳುತ್ತೇನೆ. ಒಂದು, 1 ಮೀಟರ್ ಚೌಕಗಳ ಎತ್ತರದ ನಕ್ಷೆ, ಅಂದರೆ ಡೆಮ್. ಇನ್ನೊಂದು, ಲೇಸರ್ ಬಡಿದ ಮೂಲ ಬಿಂದುಗಳ ಲ್ಯಾಜ್ ಫೈಲ್. ಸುಮ್ನೆ ಡೆಮ್ ಸಾಕಲ್ವಾ ಅಂತ ಆಫೀಸಿನ ಹೊಸ ಹುಡುಗರು ಕೇಳುತ್ತಾರೆ. ಸಾಲದು. ಡೆಮ್ ಅಂದರೆ ಯಾರೋ ಈಗಾಗಲೇ ತೀರ್ಮಾನ ಮಾಡಿ ಕೊಟ್ಟ ನೆಲ. ಲ್ಯಾಜ್‌ನಲ್ಲಿ ಪ್ರತಿ ಬಿಂದುವಿಗೂ ಒಂದು ಸಂಖ್ಯೆ ಹಚ್ಚಿರುತ್ತಾರೆ: 2 ನೆಲ, 6 ಕಟ್ಟಡ, 9 ನೀರು, 17 ಸೇತುವೆ. ಎಲ್ಲಿ ನೆಲದ ಬಿಂದುಗಳೇ ಇಲ್ಲ, ಎಲ್ಲಿ ಡೆಮ್ ಅಂದಾಜಿನ ಮೇಲೆ ತೇಪೆ ಹಾಕಿದೆ ಅನ್ನುವುದು ಇದನ್ನು ತೆರೆದರೆ ಮಾತ್ರ ಕಾಣುತ್ತದೆ.

ಕ್ಯೂಜಿಐಎಸ್ ಎಂಬ ನಕ್ಷೆ ಸಾಫ್ಟ್‌ವೇರ್‌ನಲ್ಲಿ, ನೆಲದ ಉಬ್ಬುತಗ್ಗು ಎದ್ದು ಕಾಣುವ ನೆರಳಿನ ನಕ್ಷೆ ಮಾಡಿ ನೋಡಿದೆ. ಮೇಲಿನಿಂದ ಎಲ್ಲವೂ ಪೈನ್ ಕಾಡು. ಮರಗಳನ್ನು ತೆಗೆದರೆ ನೆಲದ ತುಂಬ ಬಾಗಿದ ಗೆರೆಗಳು. ಒಂದರ ಕೆಳಗೆ ಒಂದು, ಇಳಿಜಾರಿಗೆ ಅಡ್ಡಲಾಗಿ. ಡೇಟಾ ಕೆಟ್ಟಿದೆ ಅಂದುಕೊಂಡೆ. ಒಂದೆರಡು ಕಡೆ ಅಡ್ಡಕೊಯ್ತ ತೆಗೆದಾಗ ಗೊತ್ತಾಯಿತು, ಅವು ಬದುಗಳು! ಒಂದು ಕಾಲದಲ್ಲಿ ಇಲ್ಲೆಲ್ಲ ಹತ್ತಿ ಬೆಳೆಯುತ್ತಿದ್ದರು. ಮಣ್ಣು ಕೊಚ್ಚಿ ಹೋಗದಿರಲಿ ಅಂತ ಬದು ಹಾಕಿದ್ದರು. ಆಮೇಲೆ ಹೊಲ ಬಿಟ್ಟರು, ಕಾಡು ಬೆಳೆಯಿತು, ಬದು ಮಾತ್ರ ಹಾಗೇ ಉಳಿಯಿತು. ನಮ್ಮಪ್ಪ ಹೊಲದಲ್ಲಿ ಪ್ರತಿ ವರ್ಷ ಮಳೆಗಾಲಕ್ಕೆ ಮೊದಲು ಬದು ಸರಿ ಮಾಡಿಸುತ್ತಿದ್ದರು. ಆ ಸ್ಕ್ರೀನ್ ನೋಡುತ್ತ ಎಷ್ಟು ಹೊತ್ತು ಕೂತಿದ್ದೆನೋ ಗೊತ್ತಿಲ್ಲ.

ಸರಿ, ಲೆಕ್ಕಕ್ಕೆ ಬರೋಣ. ನೀರು ಯಾವ ಕಡೆ ಹರಿಯುತ್ತದೆ ಅಂತ ಸಾಫ್ಟ್‌ವೇರ್ ಹುಡುಕಬೇಕಾದರೆ ಮೊದಲು ಡೆಮ್‌ನಲ್ಲಿರುವ ತಗ್ಗುಗಳನ್ನು ತುಂಬಿಸುತ್ತದೆ. ನಾನೂ ತುಂಬಿಸಿದೆ. 61 ಎಕರೆ ಬಂತು. ಗಡಿ ನೋಡಲು ಚೆನ್ನಾಗೇ ಇತ್ತು. ಅದನ್ನೇ ಪ್ರಿಂಟ್ ಹಾಕಿಕೊಂಡು ಸೈಟಿಗೆ ಹೋದೆ.

ಅಲ್ಲಿನ ಜಮೀನಿನ ಯಜಮಾನರು ವಯಸ್ಸಾದವರು. ಪಿಕಪ್ ಗಾಡಿಯ ಬಾನೆಟ್ ಮೇಲೆ ನಕ್ಷೆ ಹರಡಿ ನೋಡಿದರು. ಮೇಲ್ಗಡೆಯ ಹೊಲದ ನೀರನ್ನು ಯಾಕೆ ಬಿಟ್ಟಿದ್ದೀಯ ಅಂತ ಕೇಳಿದರು. ಅದು ಆಚೆ ಹಳ್ಳಕ್ಕೆ ಹೋಗುತ್ತದೆ ಅಂದೆ. ಅವರು ನಗಲಿಲ್ಲ, ವಾದವನ್ನೂ ಮಾಡಲಿಲ್ಲ. ಬಾ ಅಂತ ಕರೆದುಕೊಂಡು ಹೋದರು. ಹೊಲಕ್ಕೆ ಟ್ರ್ಯಾಕ್ಟರ್ ಹೋಗುವ ಮಣ್ಣಿನ ದಾರಿಯೊಂದಿತ್ತು, ಸ್ವಲ್ಪ ಏರಿ ಕಟ್ಟಿ ಮಾಡಿದ್ದು. ಅದರ ಕೆಳಗೆ ಎರಡು ಅಡಿಯ ಸಿಮೆಂಟ್ ಪೈಪು, ಮುಳ್ಳುಬಳ್ಳಿಯಲ್ಲಿ ಮುಚ್ಚಿಹೋಗಿತ್ತು. ಅವರಪ್ಪ ಹಾಕಿಸಿದ್ದಂತೆ. ಯಾವ ದಾಖಲೆಯಲ್ಲೂ ಅದು ಇಲ್ಲ.

ಆಗಿದ್ದಿಷ್ಟೇ. ಲೇಸರ್ ಏರಿಯ ಮೇಲ್ಭಾಗ ನೋಡಿತು, ಕೆಳಗಿನ ಪೈಪು ಅದಕ್ಕೆ ಹೇಗೆ ಕಾಣಬೇಕು? ಸೇತುವೆಗಳನ್ನು ಡೆಮ್ ಮಾಡುವವರೇ ತೆಗೆದುಹಾಕಿರುತ್ತಾರೆ, ಹಳ್ಳ ಅಡಿಯಲ್ಲಿ ಹರಿದುಹೋಗುತ್ತದೆ. ಮೋರಿಗಳನ್ನು ಹಾಗೇ ಬಿಡುತ್ತಾರೆ, ಅಲ್ಲಿ ರಸ್ತೆ ಅಂದರೆ ನೆಲವೇ. ಹಾಗಾಗಿ ಕಂಪ್ಯೂಟರಿನ ಪ್ರಕಾರ ಆ ಟ್ರ್ಯಾಕ್ಟರ್ ದಾರಿ ಒಂದು ಕೆರೆ ಏರಿ. ಹಿಂದೆ ನೀರು ನಿಂತಿತು, ತುಂಬಿತು, ಕೋಡಿ ಬಿತ್ತು. ಕೋಡಿ ಬಿದ್ದದ್ದು ಆಚೆ ಹಳ್ಳದ ಕಡೆಗೆ. ನನ್ನ 27 ಎಕರೆ ನೀರು ಹೀಗೆ ಪಕ್ಕದವರ ಪಾಲಾಯಿತು.

ಸರಿ ಮಾಡುವುದು ಕಷ್ಟವಲ್ಲ. ಪೈಪಿನ ಎರಡೂ ಬಾಯಿಯ ಮಟ್ಟ ಅಳೆದುಕೊಂಡು, ಡೆಮ್‌ನಲ್ಲಿ ಆ ಜಾಗಕ್ಕೆ ಒಂದು ಗೆರೆ ಎಳೆದು, ಏರಿಯನ್ನು ಅಷ್ಟಗಲ ಸೀಳಬೇಕು. ವೈಟ್‌ಬಾಕ್ಸ್‌ನಂಥ ಸಾಫ್ಟ್‌ವೇರ್ ತಾನೇ ಹುಡುಕಿ ಸೀಳುವುದೂ ಉಂಟು. ಆದರೆ ಅದಕ್ಕೆ ಸುಮ್ನೆ ಬಿಟ್ಟರೆ ಇಲ್ಲದ ಕಡೆಯೂ ಸೀಳುತ್ತದೆ. ನಾನು ಕೈಯಲ್ಲೇ ಎಳೆಯುತ್ತೇನೆ. ಸೀಳಿದ ಮೇಲೆ 88 ಎಕರೆ ಬಂತು. 61ಕ್ಕೆ ಪೈಪು ಹಾಕಿದ್ದರೆ ಮೊದಲ ದೊಡ್ಡ ಮಳೆಗೇ ನೀರು ಮತ್ತೆ ರಸ್ತೆ ಮೇಲೆ.

ಇನ್ನೊಂದು ತಪ್ಪನ್ನೂ ಹೇಳಿಬಿಡುತ್ತೇನೆ, ಇದು ಪೂರ್ತಿ ನನ್ನದೇ. ಸರ್ವೆಯವರು ಅಳೆದು ಕೊಟ್ಟ ಹಳ್ಳದ ತಳವನ್ನು ನನ್ನ ಲೈಡಾರ್ ಮೇಲೆ ಇಟ್ಟಾಗ ಎರಡೂ ಕೂಡಲಿಲ್ಲ. ನನ್ನ ಹಳ್ಳ ನಾಲ್ಕು ಅಡಿ ಪೂರ್ವಕ್ಕೆ ಸರಿದಿತ್ತು. ಮೊದಲು ಸರ್ವೆಯವರಿಗೇ ಫೋನ್ ಮಾಡಿ ಸ್ವಲ್ಪ ಜೋರಾಗಿಯೇ ಮಾತಾಡಿದೆ. ಆಮೇಲೆ ನಾಚಿಕೆಯಾಯಿತು. ಅಮೆರಿಕದಲ್ಲಿ ಅಡಿ ಎರಡು ಬಗೆ. ಒಂದು 0.3048 ಮೀಟರ್. ಇನ್ನೊಂದು ಸರ್ವೆ ಅಡಿ, 1200ನ್ನು 3937ರಿಂದ ಭಾಗಿಸಿದಷ್ಟು ಮೀಟರ್. ವ್ಯತ್ಯಾಸ ಹತ್ತು ಲಕ್ಷಕ್ಕೆ ಎರಡು, ಕೋಣೆ ಅಳೆಯುವವರಿಗೆ ಲೆಕ್ಕಕ್ಕೇ ಇಲ್ಲ. ಆದರೆ ನಮ್ಮ ರಾಜ್ಯದ ಗ್ರಿಡ್‌ನಲ್ಲಿ, ಅಂದರೆ ಜಾಗ ಗುರುತಿಸುವ ಅಂಕಿಗಳ ಚೌಕಟ್ಟಿನಲ್ಲಿ, ಪೂರ್ವದ ಅಂಕಿ 20 ಲಕ್ಷ ಅಡಿಯ ಆಸುಪಾಸಿನಲ್ಲಿರುತ್ತದೆ. ನಾನು ಮೀಟರ್ ಗ್ರಿಡ್‌ನಲ್ಲಿ ತಂದು, ಡ್ರಾಯಿಂಗ್ ಸಾಫ್ಟ್‌ವೇರ್ ಕ್ಯಾಡ್‌ನಲ್ಲಿ 3.28084ರಿಂದ ಗುಣಿಸಿ ಮುಗಿಸಿದ್ದೆ. ನಾಲ್ಕು ಅಡಿ ಅಲ್ಲೇ ಹುಟ್ಟಿಕೊಂಡಿತು. ಸರ್ವೆ ಅಡಿಯನ್ನು 2022ರ ಕೊನೆಗೆ ಅಧಿಕೃತವಾಗಿ ಕೈಬಿಟ್ಟಿದ್ದಾರೆ, ಆದರೆ ಹಳೇ ನಕ್ಷೆಗಳು ಎಲ್ಲಿಗೆ ಹೋಗುತ್ತವೆ? ಈಗ ನಾನು ಕೈಯಲ್ಲಿ ಗುಣಿಸುವುದೇ ಇಲ್ಲ, ಸೀದಾ ಸರ್ವೆ ಅಡಿಯ ಗ್ರಿಡ್‌ಗೇ ಪರಿವರ್ತಿಸಿಕೊಳ್ಳುತ್ತೇನೆ. ಉದ್ದಗಲ ಅಡಿಯಲ್ಲಿ, ಎತ್ತರ ಮಾತ್ರ ಮೀಟರಿನಲ್ಲಿ ಉಳಿದ ಫೈಲುಗಳನ್ನೂ ನೋಡಿದ್ದೇನೆ. ಅಂಥದ್ದರಲ್ಲಿ ಇಳಿಜಾರು ಮೂರು ಪಟ್ಟಿಗಿಂತ ಜಾಸ್ತಿ ಕಡಿಮೆಯಾಗಿ ಬರುತ್ತದೆ.

ಎತ್ತರ ಎಷ್ಟು ನಂಬಬಹುದು? ಬಯಲು ನೆಲದಲ್ಲಿ ತಪ್ಪು ಸರಾಸರಿ 10 ಸೆಂಟಿಮೀಟರ್ ಮೀರಬಾರದು ಅನ್ನುವುದು ತ್ರೀಡೆಪ್‌ನ ಆ ಸಾಮಾನ್ಯ ದರ್ಜೆಯ ನಿಯಮ. ನಾವು ಸೆಂಟಿಮೀಟರ್ ಮಟ್ಟಕ್ಕೆ ಅಳೆಯುವ ಆರ್‌ಟಿಕೆ ಜಿಪಿಎಸ್ ಹಿಡಿದು ಮೂವತ್ತು ಕಡೆ ತಾಳೆ ನೋಡಿದೆವು. ಟಾರು ರಸ್ತೆ ಮೇಲೆ ಐದು ಸೆಂಟಿಮೀಟರಿನೊಳಗೆ ಕೂತಿತು. ಎತ್ತರದ ಹುಲ್ಲಿನಲ್ಲಿ ಲೈಡಾರ್ ನೆಲ ಅರ್ಧ ಗೇಣು ಮೇಲೆ ಇತ್ತು. ಹಳ್ಳದ ದಂಡೆಯ ಮುಳ್ಳುಪೊದೆಯಲ್ಲಿ ಇನ್ನೂ ಮೇಲೆ. ನೀರಿನ ಕಥೆ ಬೇರೆಯೇ. ಸಾಮಾನ್ಯ ಲೈಡಾರ್ ಲೇಸರ್ ನೀರಿನೊಳಗೆ ಇಳಿಯುವುದಿಲ್ಲ. ಎರಡು ಎಕರೆ ಮೀರಿದ ಕೊಳಗಳನ್ನು ಡೆಮ್‌ನಲ್ಲಿ ತಟ್ಟೆಯಂತೆ ಸಮತಟ್ಟು ಮಾಡಿರುತ್ತಾರೆ. ಮೇಲಿನ ಹೊಲದ ಕೊಳ ಎಷ್ಟು ಆಳ ಅಂತ ಅದು ಹೇಳಲಾರದು. ಹಾಗಾಗಿ ಮೋರಿಗೆ ನೀರು ಹರಿದು ಬರುವ ಜಾಗದ ಗಡಿಗೆ ಲೈಡಾರ್, ಪೈಪಿನ ಮಟ್ಟಕ್ಕೂ ಹಳ್ಳದ ಅಡ್ಡಕೊಯ್ತಕ್ಕೂ ಸರ್ವೆ. ಈ ಗೆರೆಯನ್ನು ನಾನು ದಾಟುವುದಿಲ್ಲ.

ಇದನ್ನೆಲ್ಲ ಕೇಳಿ ಊರಿನ ಭಾವ ಒಬ್ಬರು, ಸಣ್ಣ ಗುತ್ತಿಗೆದಾರರು, ನಮ್ಮ ಕಡೆಗೂ ಒಂದು ಫೈಲ್ ಇಳಿಸಿ ಕೊಡಪ್ಪ ಅಂದರು. ಅಲ್ಲಿಗೆ ಪುಕ್ಕಟೆ ಸಿಗುವುದು ಇಸ್ರೋದ ನಕ್ಷೆ ತಾಣ ಭುವನ್‌ನ ಕಾರ್ಟೊಡೆಮ್, ಯುರೋಪಿನ ಉಪಗ್ರಹ ಯೋಜನೆ ಕೋಪರ್ನಿಕಸ್‌ನ ಡೆಮ್. 30 ಮೀಟರ್ ಚೌಕಕ್ಕೆ ಒಂದೇ ಎತ್ತರ, ಅಂದರೆ ಸುಮಾರು ಒಂಬತ್ತು ಗುಂಟೆಗೆ ಒಂದು ಅಂಕಿ. ದೊಡ್ಡ ಹಳ್ಳದ ಹರಿವು ನೋಡಲು ಅಡ್ಡಿಯಿಲ್ಲ, ಊರ ಚರಂಡಿಗೆ ಆಗುವುದಿಲ್ಲ. ನಕ್ಷೆ, ಸರ್ವೆ ಕುರಿತ 2021ರ ಹೊಸ ನಿಯಮದ ನಂತರ ಭಾರತದ ಕಂಪನಿಗಳಿಗೆ ಇಂಥ ಸರ್ವೆ ಮಾಡುವುದು ಸಲೀಸಾಗಿದೆ, ಡ್ರೋನಿನವರನ್ನು ಕೇಳಿ ನೋಡಿ ಅಂದೆ. ಒಂದು ಮಾತು ಮಾತ್ರ ಒತ್ತಿ ಹೇಳಿದೆ: ಅವರು ಕೊಡುವ ಎತ್ತರ ಸಮುದ್ರಮಟ್ಟದಿಂದಲೋ, ಜಿಪಿಎಸ್ಸಿನ ಕಚ್ಚಾ ಎತ್ತರವೋ, ಬರೆದು ಕೊಡಲು ಹೇಳಿ. ಬೆಂಗಳೂರಿನಲ್ಲಿ ಈ ಎರಡರ ನಡುವೆ 80 ಮೀಟರಿಗಿಂತ ಜಾಸ್ತಿ ಅಂತರವಿದೆ. ಭಾವ ನಂಬಲಿಲ್ಲ.

ಈಗ ನನ್ನ ಕೆಲಸದ ಕ್ರಮ ತಿರುಗಿದೆ. ಮೊದಲು ನಕ್ಷೆಯಲ್ಲಿ ದಾರಿಯೂ ಹಳ್ಳವೂ ಅಡ್ಡ ಹಾಯುವ ಕಡೆಯೆಲ್ಲ ಚುಕ್ಕೆ ಇಟ್ಟುಕೊಳ್ಳುತ್ತೇನೆ. ಮಳೆಯಾದ ಮರುದಿನ ಬೂಟು ಹಾಕಿಕೊಂಡು ಒಂದೊಂದನ್ನೇ ನೋಡಿ ಬರುತ್ತೇನೆ. ಹೋದ ತಿಂಗಳ ಕೆಲಸದಲ್ಲಿ ಏಳು ಚುಕ್ಕೆ ಇದ್ದವು. ಆರು ಕಡೆ ಪೈಪು ಕಣ್ಣಿಗೇ ಬಿತ್ತು. ಏಳನೆಯದರಲ್ಲಿ ಏನೂ ಇಲ್ಲ ಅಂತ ವಾಪಸ್ ಹೊರಟಿದ್ದೆ. ಕಾರಿನ ಬಾಗಿಲು ತೆಗೆಯುವಾಗ, ತರಗೆಲೆ ರಾಶಿಯ ಕೆಳಗಿಂದ ನೀರು ಗುಳುಗುಳು ಅನ್ನುವುದು ಕೇಳಿಸಿತು.